ಲಿಫ್ಟು ಹೇಳಿದ ಸತ್ಯ

ಎಲ್ಲ ಶುರುವಾದದ್ದು ಹೆಂಡತಿಯ ಒಂದು ಆಕಳಿಕೆಯಿಂದ.

ಬೆಳಗಿನ ಕಾಫಿ ಮುಗಿಸಿದ ಡೇಟಾ ಮೇಷ್ಟ್ರು ಅಡುಗೆಮನೆಯ ಬಾಗಿಲಲ್ಲಿ ನಿಂತು, ಅಂದು ಮಾಡಬೇಕಾದ ಭಾಷಣವನ್ನು ಹೆಂಡತಿಗೆ ಒಪ್ಪಿಸುತ್ತಿದ್ದರು. ಭಾಷಣದ ವಿಷಯ ಹೂವಿನ ದಳಗಳ ಉದ್ದಗಲ. ದಳ ಅಳೆದು ಕೊಟ್ಟರೆ ಹೂವು ಯಾವ ಜಾತಿಯದು ಎಂದು ಕಂಪ್ಯೂಟರು ಹೇಗೆ ಹೇಳುತ್ತದೆ ಎಂಬುದು ಅದರ ತಿರುಳು. ಮೇಷ್ಟ್ರು ಎರಡನೆಯ ಹೂವಿನ ಮೂರನೆಯ ದಳಕ್ಕೆ ಬರುವಷ್ಟರಲ್ಲಿ ಹೆಂಡತಿಯ ಬಾಯಿ ತೆರೆಯಿತು. ತೆರೆದದ್ದು ಬೇಗ ಮುಚ್ಚಲಿಲ್ಲ.

"ಏನೇ, ಚೆನ್ನಾಗಿಲ್ವಾ?"

"ಚೆನ್ನಾಗಿದೆ ರೀ. ನಿದ್ದೆ ಬರದೇ ಇರೋರಿಗೆ ತುಂಬಾನೇ ಚೆನ್ನಾಗಿದೆ." ಹೆಂಡತಿ ಕಣ್ಣೊರೆಸಿಕೊಂಡರು. "ಹೂವಿನ ಅಳತೆ ಕಟ್ಕೊಂಡು ಯಾರಿಗೇನಾಗ್ಬೇಕು? ಜನಕ್ಕೆ ಜನದ ವಿಷಯ ಹೇಳಿ. ಪಕ್ಕದ ಮನೆಯವರು ಏನು ಮಾಡ್ತಾರೆ ಅಂದ್ರೆ ಸತ್ತೋನೂ ಎದ್ದು ಕೂತು ಕೇಳ್ತಾನೆ."

ಬೇರೆ ದಿನವಾಗಿದ್ದರೆ ಹೆಂಡತಿಯ ಆಕಳಿಕೆಯನ್ನು ಮೇಷ್ಟ್ರು ಲೆಕ್ಕಕ್ಕೇ ಇಡುತ್ತಿರಲಿಲ್ಲ. ಆದರೆ ಅಂದು ವಿಶ್ವವಿದ್ಯಾಲಯದಲ್ಲಿ ಪಾಲಕರ ದಿನ, ಹೊಸ ಮಕ್ಕಳು ಅಪ್ಪ ಅಮ್ಮನ ಜೊತೆ ಬಂದು ವಿಭಾಗ ಆರಿಸಿ ಸೇರುವ ದಿನ. ಎರಡು ವರ್ಷದ ಹಿಂದೆ ಅಲ್ಲಿ ಎರಡು ಹೊಸ ಪದವಿಗಳನ್ನು ಒಟ್ಟಿಗೇ ಶುರುಮಾಡಿದ್ದರು. ಒಂದು ಡೇಟಾ ಸೈನ್ಸ್, ಇನ್ನೊಂದು ಡಿಜಿಟಲ್ ಮೀಡಿಯಾ ಪ್ರೊಡಕ್ಷನ್. ಎರಡಕ್ಕೂ ಸೇರಿ ಒಂದೇ ಮಹಡಿ, ನಡುವೆ ಒಂದು ಪ್ಲೈವುಡ್ ಗೋಡೆ. ಈ ಕಡೆ ಮೇಷ್ಟ್ರು ಸರಾಸರಿ ತೆಗೆಯುವುದನ್ನು ಹೇಳಿಕೊಡುತ್ತಿದ್ದರೆ ಆ ಕಡೆಯಿಂದ "ಆ್ಯಕ್ಷನ್!" ಎಂಬ ಕೂಗು ಬಂದು, ತೂಕಡಿಸುತ್ತಿದ್ದ ಈ ಕಡೆಯ ಹುಡುಗರು ನೆಟ್ಟಗೆ ಕೂರುತ್ತಿದ್ದರು. ಎರಡೂ ಕಡೆ ಮಕ್ಕಳು ಸಾಲದು. "ಒಂದೇ ಮಹಡೀಲಿ ಎರಡು ಅಂಗಡಿ ನಡೆಯಲ್ಲ. ಪಾಲಕರ ದಿನ ಯಾವ ಕಡೆ ಕಡಿಮೆ ಮಕ್ಕಳು ಸೇರ್ತಾರೋ ಆ ಕಡೆ ಬಾಗಿಲು ಹಾಕ್ತೀನಿ" ಎಂದು ಡೀನ್ ಹೇಳಿಬಿಟ್ಟಿದ್ದರು.

ಬಾಗಿಲು ಹಾಕಿದರೆ ಮೇಷ್ಟ್ರ ಗತಿ ಏನು ಎಂಬುದು ಒಂದು ಚಿಂತೆ. ಅದಕ್ಕಿಂತ ದೊಡ್ಡ ಚಿಂತೆ ಅವರ ಹೊಟ್ಟೆಯೊಳಗೆ ಬೇರೆಯೇ ಇತ್ತು. ಮೇಷ್ಟ್ರು ಓದಿದ್ದು ಹಳೆಯ ಕಾಲದ ಸಂಖ್ಯಾಶಾಸ್ತ್ರ. ಪೆನ್ಸಿಲು, ಗ್ರಾಫ್ ಹಾಳೆ, ಲಾಗ್ ಟೇಬಲ್ಲು. "ನಿಮಗೆ ಅಂಕಿ ಗೊತ್ತಲ್ಲ, ಡೇಟಾನೂ ಅದೇ" ಎಂದು ಡೀನ್ ಅವರನ್ನು ಹೊಸ ವಿಭಾಗದ ಮುಖ್ಯಸ್ಥರ ಕುರ್ಚಿಯಲ್ಲಿ ಕೂರಿಸಿದಾಗ, "ಗೊತ್ತಿಲ್ಲ ಸರ್" ಎನ್ನಲು ನಾಚಿಕೆಯಾಗಿ ಮೇಷ್ಟ್ರು ತಲೆಯಾಡಿಸಿದ್ದರು. ಆಮೇಲೆ ಆ ಒಂದು ತಲೆಯಾಡಿಸುವಿಕೆಯನ್ನು ಕಾಪಾಡಿಕೊಂಡು ಬರುವುದೇ ಅವರ ಉದ್ಯೋಗವಾಯಿತು. ದಿನಾ ಸಂಜೆ "ವಾಕಿಂಗ್ ಹೋಗಿ ಬರ್ತೀನಿ ಕಣೇ" ಎಂದು ಮೂರನೇ ಮಹಡಿಯ ಮನೆಯಿಂದ ಹೊರಡುವರು. ಕೆಳಗೆ ಇಳಿಯುವ ಬದಲು ಲಿಫ್ಟಿನಲ್ಲಿ ಆರನೇ ಮಹಡಿಗೆ ಏರಿ, ಅಲ್ಲಿಂದ ತಾರಸಿಯ ಮೆಟ್ಟಿಲು ಹತ್ತಿ, ನೀರಿನ ಟ್ಯಾಂಕಿನ ಮರೆಯಲ್ಲಿ ಕೂತು, ಚಿಗುರುಮೀಸೆಯ ಹುಡುಗನೊಬ್ಬ ಮಾಡಿ ಬಿಟ್ಟ ಡೇಟಾ ಸೈನ್ಸ್ ಪಾಠದ ವಿಡಿಯೊಗಳನ್ನು ಮೊಬೈಲಿನಲ್ಲಿ ನೋಡುವರು. ಸಂಜೆ ನುಂಗಿದ್ದನ್ನು ಬೆಳಿಗ್ಗೆ ಕ್ಲಾಸಿನಲ್ಲಿ ಕಕ್ಕುವರು. ವಿದ್ಯಾರ್ಥಿಗಳಿಗಿಂತ ಅವರು ಯಾವತ್ತೂ ಒಂದೇ ಒಂದು ಪಾಠ ಮುಂದಿದ್ದರು. ಯಾರಾದರೂ ನಾಳಿದ್ದಿನ ಪಾಠದಿಂದ ಪ್ರಶ್ನೆ ಕೇಳಿದರೆ "ಒಳ್ಳೇ ಪ್ರಶ್ನೆ, ಯೋಚನೆ ಮಾಡ್ಕೊಂಡು ಬಾ" ಎಂದು ಕೂರಿಸುತ್ತಿದ್ದರು. ಈ ಗುಟ್ಟು ಹೆಂಡತಿಗೂ ಗೊತ್ತಿರಲಿಲ್ಲ. ಆಕೆಯೋ, ನಮ್ಮೆಜಮಾನರಿಗೆ ತಿಳಿಯದ ಡೇಟಾನೇ ಇಲ್ಲ ಎಂದು ನೆಂಟರಿಷ್ಟರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದರು.

ಜನಕ್ಕೆ ಜನದ ವಿಷಯ! ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ ಮೇಷ್ಟ್ರಿಗೆ ಹೊಳೆದದ್ದು ಅವರದೇ ಕಟ್ಟಡದ ಲಿಫ್ಟು. ಕಂಡಕಂಡವರು ಹತ್ತಿ ಇಳಿಯುತ್ತಾರೆಂದು ಕಳೆದ ವರ್ಷವಷ್ಟೇ ಅದಕ್ಕೆ ಕಾರ್ಡಿನ ಯಂತ್ರ ಹಾಕಿಸಿದ್ದರು. ಕಾರ್ಡು ಮುಟ್ಟಿಸದೆ ಲಿಫ್ಟು ಅಲುಗುವಂತಿಲ್ಲ. ಯಾವ ಕಾರ್ಡು ಯಾವ ಮಹಡಿಯಲ್ಲಿ ಹತ್ತಿತು, ಎಲ್ಲಿ ಇಳಿಯಿತು, ಎಷ್ಟು ಹೊತ್ತಿಗೆ, ಎಲ್ಲ ದಾಖಲಾಗುತ್ತದಂತೆ. ನಿವಾಸಿಗಳ ಸಂಘಕ್ಕೆ ಮೇಷ್ಟ್ರೇ ಕಾರ್ಯದರ್ಶಿ. ಲಿಫ್ಟ್ ಕಂಪನಿಗೆ ಫೋನ್ ಮಾಡಿದರು. ಅಲ್ಲಿನ ಆಫೀಸಿನ ಹುಡುಗಿ "ಎರಡೇ ನಿಮಿಷ ಸರ್" ಎಂದಳು, ಹೇಳಿದ ಮಾತಿಗೆ ತಪ್ಪಲಿಲ್ಲ. ಮೇಷ್ಟ್ರು ಕೊನೆಯ ಗುಂಡಿ ಹಾಕುವುದರೊಳಗೆ ಡೇಟಾ ಬಂದು ಬಿದ್ದಿತ್ತು.

ವಿಭಾಗದ ಕೋಣೆಯಲ್ಲಿ ಕೂತು ಮೇಷ್ಟ್ರು ಅದನ್ನು ಕಂಪ್ಯೂಟರಿಗೆ ಉಣಿಸಿ, ಇದರಲ್ಲಿ ಎಲ್ಲಕ್ಕಿಂತ ವಿಚಿತ್ರವಾದ ಮೂರು ಓಡಾಟ ಆರಿಸಿ ಚಿತ್ರ ಬರೆದುಕೊಡು ಎಂದರು. ಮೊದಲಿನ ಎರಡು ಚಿತ್ರ ನೋಡಿ ಅವರ ಬಾಯಲ್ಲಿ ನೀರೂರಿತು. ಹೆಸರು ಮೊದಲೇ ಇರಲಿಲ್ಲ. ಬರೀ ಕಾರ್ಡಿನ ಸಂಖ್ಯೆ. ಅದನ್ನೂ ಅಳಿಸಿ, ಇನ್ನಷ್ಟು ಮರೆಮಾಚಲೆಂದು ಒಂದೊಂದಕ್ಕೆ ಒಂದೊಂದು ತರಕಾರಿಯ ಹೆಸರಿಟ್ಟರು. ಇನ್ನು ಯಾರ ಮಾನಕ್ಕೂ ಧಕ್ಕೆಯಿಲ್ಲ ಎಂದು ತಮ್ಮ ಬೆನ್ನು ತಾವೇ ತಟ್ಟಿಕೊಂಡರು. ಮೂರನೆಯ ಚಿತ್ರ ತೆರೆಯುವಷ್ಟರಲ್ಲಿ ಡೀನ್ ಕರೆಕಳುಹಿಸಿದ್ದರಿಂದ ಅದನ್ನು ನೋಡದೆಯೇ ಎದ್ದರು. ಬೇರೆಯವರ ತಟ್ಟೆಯ ನೊಣ ಹುಡುಕುವ ಸಡಗರದಲ್ಲಿ, ತಾವೂ ಅದೇ ಲಿಫ್ಟಿನಲ್ಲಿ ಓಡಾಡುವವರು ಎಂಬುದನ್ನು ಮೇಷ್ಟ್ರು ಮರೆತೇಬಿಟ್ಟಿದ್ದರು.

ಸಭಾಂಗಣ ತುಂಬಿತ್ತು. ಖಾಲಿ ಕುರ್ಚಿಗಳಿಗೆ ಭಾಷಣ ಮಾಡಬೇಕಾದೀತೆಂದು ಹೆದರಿ ಮೇಷ್ಟ್ರೇ ಒಂದು ವಾರದಿಂದ ಕಟ್ಟಡದ ಮನೆಮನೆಗೆ ಹೋಗಿ ಕರೆದಿದ್ದರು. ಹೆಂಡತಿ ಒಂದು ವ್ಯಾನು ಗೊತ್ತುಮಾಡಿ ಎಲ್ಲರನ್ನೂ ತುಂಬಿಸಿಕೊಂಡು ಬಂದಿದ್ದರು. ಇರಲಾರದವರು ಇರುವೆ ಬಿಟ್ಟುಕೊಂಡರು ಎಂಬ ಮಾತು ಇಂಥವರಿಗೇ ಹೇಳಿದ್ದು. ಎರಡನೆಯ ಸಾಲಿನಲ್ಲಿ ಐದನೇ ಮಹಡಿಯ ಮೆಟ್ಟಿಲು ಮಾವ ಕೂತಿದ್ದರು. "ಲಿಫ್ಟು ಅನ್ನೋದು ಸೋಮಾರಿಗಳ ಪಲ್ಲಕ್ಕಿ" ಎಂದು ಕಂಡವರಿಗೆಲ್ಲ ಬುದ್ಧಿ ಹೇಳಿ ಆ ಹೆಸರು ಗಳಿಸಿಕೊಂಡಿದ್ದವರು ಅವರು. ಒಂದು ತುದಿಯಲ್ಲಿ ಎರಡನೇ ಮಹಡಿಯ ಔಷಧಿ ಅಂಗಡಿಯವರು, ಇನ್ನೊಂದು ತುದಿಯಲ್ಲಿ ನಾಲ್ಕನೇ ಮಹಡಿಯ ವಕೀಲರು, ಅವರವರ ಹೆಂಡತಿಯರ ಜೊತೆ. ನೆಲಮಾಳಿಗೆಯ ಪಾರ್ಕಿಂಗಿನಲ್ಲಿ ವಕೀಲರ ಹಳೆಯ ಕಾರು ಔಷಧಿ ಅಂಗಡಿಯವರ ಜಾಗಕ್ಕೆ ಮೂತಿ ಚಾಚಿದೆಯೆಂದು ಎರಡು ಮನೆಗೂ ಎಣ್ಣೆ ಸೀಗೆಕಾಯಿ. ಮಾತಿಲ್ಲ, ಕತೆಯಿಲ್ಲ.

ಡಿಜಿಟಲ್ ಮೀಡಿಯಾದ ಮುಖ್ಯಸ್ಥೆಯನ್ನು ಎಲ್ಲರೂ ಕ್ಯಾಮೆರಾ ಮೇಡಂ ಎನ್ನುತ್ತಿದ್ದರು. ಆಕೆ ನಗುನಗುತ್ತ ಬಂದು ಮೇಷ್ಟ್ರ ಕಾಲರಿಗೆ ಮೈಕು ಸಿಕ್ಕಿಸಿದರು.

"ಸರ್, ನಮ್ಮ ಹುಡುಗರು ನಾಲ್ಕು ಕ್ಯಾಮೆರಾ ಇಟ್ಟಿದಾರೆ. ನೀವು ಮಾತಾಡೋದು, ಜನ ಕೇಳೋದು, ಎಲ್ಲ ದೊಡ್ಡ ಪರದೆ ಮೇಲೆ ಲೈವ್. ಹೊರಗಡೆ ಅಂಗಳದಲ್ಲೂ ಒಂದು ಪರದೆ ಹಾಕಿದೀವಿ."

"ಅಷ್ಟೆಲ್ಲ ಯಾಕೆ ಮೇಡಂ?"

"ನಿಮಗೆ ಸಹಾಯ ಆಗ್ಲಿ ಅಂತ ಸರ್."

ಎದುರಾಳಿಯ ಒಳ್ಳೆಯತನಕ್ಕೆ ಮೇಷ್ಟ್ರು ಮನಸ್ಸಿನಲ್ಲೇ ಕೈಮುಗಿದರು.

ಭಾಷಣ ಶುರುವಾಯಿತು. "ನನಗೆ ಗೊತ್ತಿರೋ ಒಂದು ಕಟ್ಟಡ. ಆರು ಮಹಡಿ, ಕೆಳಗೊಂದು ನೆಲಮಾಳಿಗೆ. ಯಾರ ಹೆಸರೂ ಹೇಳಲ್ಲ. ಬರೀ ಲಿಫ್ಟಿನ ಡೇಟಾ ನೋಡಿ ಮನುಷ್ಯರ ಬಗ್ಗೆ ಏನೇನು ತಿಳೀಬಹುದು ನೋಡೋಣ" ಎಂದರು ಮೇಷ್ಟ್ರು. ಪರದೆಯ ಮೇಲೆ ಹಸಿರು ಗೆರೆಯೊಂದು ಏರಿತು. "ಇವರು ಹಾಗಲಕಾಯಿ. ದಿನಾ ಬೆಳಿಗ್ಗೆ ಲಿಫ್ಟ್ ಹತ್ತಿ ಐದನೇ ಮಹಡೀಲಿ ಇಳೀತಾರೆ. ಆದ್ರೆ ಹತ್ತೋದು ನೆಲಮಹಡೀಲಿ ಅಲ್ಲ, ಒಂದನೇ ಮಹಡೀಲಿ! ಯಾಕಿರಬಹುದು?"

ಸಭೆ ಯೋಚಿಸತೊಡಗಿತು. ಯಾರಿಗೂ ಏನೂ ಹೊಳೆದಿರಲಿಲ್ಲ, ಹೊಳೆಯುತ್ತಲೂ ಇರಲಿಲ್ಲ. ಅಷ್ಟರಲ್ಲಿ ಎರಡನೆಯ ಸಾಲಿನಿಂದ ಮೆಟ್ಟಿಲು ಮಾವ ಎದ್ದು ನಿಂತರು.

"ಅದು ಮಂಡಿ ನೋವು ಕಣ್ರೀ! ಎಲ್ಲರ ಎದುರಿಗೆ ಒಂದು ಮಹಡಿ ಹತ್ತಿ ತೋರಿಸ್ತೀನಿ, ಸುಳ್ಳಲ್ಲ. ಆಮೇಲೆ ಡಾಕ್ಟ್ರೇ ಬೇಡ ಅಂದಿದಾರೆ!"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ನಾಲ್ಕು ಕ್ಯಾಮೆರಾಗಳೂ ಮಾವನ ಕಡೆ ತಿರುಗಿದವು. ಪರದೆಯ ಮೇಲೆ ಅವರ ಮುಖ ಗೋಡೆಯಷ್ಟಾಯಿತು. ಕಟ್ಟಡದವರೆಲ್ಲ ಒಟ್ಟಿಗೆ ಬಾಯಿಬಿಟ್ಟರು.

"ಓಹೋ, ನಮ್ಮ ಕಟ್ಟಡದ್ದೇ ಡೇಟಾನಾ!"

"ಮಾವ, ನನಗೆ ಏಳು ತಿಂಗಳ ಬಸುರೀಲಿ ಮೆಟ್ಟಿಲು ಹತ್ತಿಸಿದ್ರಲ್ಲ!" ಎಂದು ಯಾರದೋ ಮನೆಯ ಸೊಸೆ ಹಿಂದಿನಿಂದ ಕೂಗಿದಳು. ಮಾವ ಮುಖ ಮುಚ್ಚಿಕೊಂಡು ಕೂತರು.

ಮೇಷ್ಟ್ರಿಗೆ ಅಲ್ಲಿಗೇ ನಿಲ್ಲಿಸಬೇಕೆನ್ನಿಸಿತು. ಆದರೆ ಮುಂದಿನ ಸಾಲಿನಲ್ಲಿ ಡೀನ್ ಚಪ್ಪಾಳೆ ತಟ್ಟುತ್ತಿದ್ದರು. ಹೊರಗಿನ ಅಂಗಳದಲ್ಲಿದ್ದವರು ಒಳಗೆ ನುಗ್ಗಿ ಗೋಡೆಗೆ ಒರಗಿ ನಿಲ್ಲುತ್ತಿದ್ದರು. ಇಷ್ಟು ಜನ ತಮ್ಮ ಮಾತು ಕೇಳಿದ್ದು ಮೇಷ್ಟ್ರ ಜನ್ಮದಲ್ಲೇ ಮೊದಲು. ಆಸೆಗೆ ಬಿದ್ದು ಎರಡನೆಯ ಚಿತ್ರ ತೆರೆದರು.

"ಇವರು ಬೆಂಡೆಕಾಯಿ, ಇವರು ಬದನೆಕಾಯಿ. ಒಬ್ಬರು ಎರಡನೇ ಮಹಡಿ, ಇನ್ನೊಬ್ಬರು ನಾಲ್ಕನೇ ಮಹಡಿ. ದಿನಾ ಮಧ್ಯಾಹ್ನ ಇಬ್ಬರೂ ಒಂದೇ ಹೊತ್ತಿಗೆ ನೆಲಮಾಳಿಗೆಗೆ ಹೋಗ್ತಾರೆ. ಒಂದೇ ಹೊತ್ತಿಗೆ ವಾಪಸ್ಸು. ಇದಕ್ಕೆ ಸಹಸಂಬಂಧ ಅಂತಾರೆ. ಹಾಗಂತ ಇಬ್ಬರ ನಡುವೆ ಏನೋ ಇದೆ ಅಂತ ಹೇಳೋ ಹಾಗಿಲ್ಲ. ಆಕಸ್ಮಿಕನೂ ಇರಬಹುದು."

"ಆಕಸ್ಮಿಕಾನೇ!" ಎಂದು ಚೀರಿದರು ಔಷಧಿ ಅಂಗಡಿಯವರ ಹೆಂಡತಿ. "ನಾವೇನು ಕದ್ದು ಹೋಗ್ತಿರ್ಲಿಲ್ಲ! ಕಾರಲ್ಲಿ ಕೂತು ಸ್ವಲ್ಪ ಮಾತಾಡ್ತಿದ್ವಿ ಅಷ್ಟೇ!"

ಔಷಧಿ ಅಂಗಡಿಯವರು ನಿಧಾನಕ್ಕೆ ಹೆಂಡತಿಯ ಕಡೆ ತಿರುಗಿದರು. "ಯಾರ ಕಾರು?"

ಇನ್ನೊಂದು ತುದಿಯಿಂದ ವಕೀಲರ ಹೆಂಡತಿ ತಲೆತಗ್ಗಿಸಿ ಹೇಳಿದರು. "ನಮ್ಮ ಹಳೇ ಕಾರು. ಜಗಳದ್ದು."

"ನನ್ನ ಕಾರಿನಲ್ಲಿ!" ಎಂದು ವಕೀಲರು ಎದ್ದರು. "ಆ ಕಾರಿಗೋಸ್ಕರ ನಾನು ಇವರ ಜೊತೆ ವರ್ಷದಿಂದ ಮುಖ ತಿರುಗಿಸ್ಕೊಂಡು ಓಡಾಡ್ತಿದೀನಿ, ನೀನು ಅದರೊಳಗೇ ಕೂತು ಇವರ ಹೆಂಡ್ತಿ ಹತ್ರ ಹರಟೆ ಹೊಡೀತಿದ್ಯಾ?"

"ಹರಟೆ ಏನಲ್ಲ. ನಿಮ್ಮಿಬ್ಬರ ವಿಷಯಾನೇ ಮಾತಾಡ್ತಿದ್ವಿ" ಎಂದರು ಆಕೆ.

ಸಭೆ ಗೊಳ್ಳೆಂದಿತು. ನಗೆ ನಿಂತ ಮೇಲೆ ವಕೀಲರು ಮೇಷ್ಟ್ರತ್ತ ಬೆರಳು ಚಾಚಿದರು. "ಏನ್ರೀ ಮೇಷ್ಟ್ರೇ, ನಮ್ಮ ಮನೆ ಗುಟ್ಟನ್ನ ಪರದೆ ಮೇಲೆ ಹಾಕಕ್ಕೆ ನಿಮಗ್ಯಾರು ಅಧಿಕಾರ ಕೊಟ್ಟಿದ್ದು? ಕೇಸು ಹಾಕ್ತೀನಿ. ನೋಡ್ತಿರಿ."

ಮೇಷ್ಟ್ರು ಬೆವರಿದರು. ಬೇಗ ಮುಗಿಸಿ ಇಳಿದುಬಿಡೋಣವೆಂದು ಗುಂಡಿ ಒತ್ತಿದರು. ಮೂರನೆಯ ಚಿತ್ರ ಪರದೆಯ ಮೇಲೆ ಬಂತು. ಓದುತ್ತಾ ಹೋದರು.

"ಇವರು ಸೋರೆಕಾಯಿ. ದಿನಾ ಸಂಜೆ ಮೂರನೇ ಮಹಡಿಯಿಂದ ಆರನೇ ಮಹಡಿಗೆ ಹೋಗ್ತಾರೆ. ಅಲ್ಲಿ ಸುಮಾರು ಒಂದು ಗಂಟೆ ಇದ್ದು..."

ಮೇಷ್ಟ್ರು ಓದುವುದನ್ನು ಅಲ್ಲಿಗೇ ನಿಲ್ಲಿಸಿದರು. ಪರದೆಯ ಮೇಲಿನ ಸೋರೆಕಾಯಿ ನಿಧಾನಕ್ಕೆ ಮೂರನೇ ಮಹಡಿಗೆ ಇಳಿಯುತ್ತಿತ್ತು. ಮೊದಲ ಸಾಲಿನಲ್ಲಿ ಹೆಂಡತಿ ಎದ್ದು ನಿಂತಿದ್ದರು.

"ರೀ, ಮೂರನೇ ಮಹಡೀಲಿ ಇರೋದು ಎರಡೇ ಮನೆ. ಒಂದಕ್ಕೆ ಬೀಗ. ಇನ್ನೊಂದು ನಮ್ಮದು. ನಾನಂತೂ ಸಂಜೆ ಎಲ್ಲೂ ಹೋಗಲ್ಲ." ಆಕೆ ಪರದೆಯ ಕಡೆ ಕೈ ತೋರಿಸಿದರು. "ಆರನೇ ಮಹಡೀಲಿ ಇರೋದು ಆ ಹಾಡಿನ ಟೀಚರ್ ಒಬ್ಬರೇ. ಹೇಳಿ, ಸೋರೆಕಾಯಿ ಯಾರು?"

ನಾಲ್ಕು ಕ್ಯಾಮೆರಾಗಳೂ ಮೇಷ್ಟ್ರ ಮುಖಕ್ಕೆ ಹತ್ತಿರವಾದವು. ಹಣೆಯ ಒಂದೊಂದು ಬೆವರ ಹನಿಯೂ ಪರದೆಯ ಮೇಲೆ ಕಿತ್ತಳೆಹಣ್ಣಿನಷ್ಟು ಕಾಣುತ್ತಿತ್ತು. 'ಡೇಟಾ ತಪ್ಪಿರಬಹುದು' ಎಂದರೆ ಸಂಸಾರ ಉಳಿಯುತ್ತದೆ, ಆದರೆ ಡೀನ್ ಎದುರು, ಸೇರಲು ಬಂದ ಅಷ್ಟು ಮಕ್ಕಳ ಎದುರು, ವಿಭಾಗ ಅಲ್ಲಿಗೇ ಮುಗಿಯುತ್ತದೆ. 'ಡೇಟಾ ಸರಿ' ಎಂದು ಬಾಯಿ ಮುಚ್ಚಿಕೊಂಡರೆ ವಿಭಾಗ ಉಳಿಯುತ್ತದೆ, ಹೆಂಡತಿ ಇನ್ನು ಮನೆಗೆ ಬರುವುದಿಲ್ಲ. ಮೇಷ್ಟ್ರು ಹೆಂಡತಿಯ ಮುಖ ನೋಡಿದರು. ಆ ಕಣ್ಣಲ್ಲಿ ನೀರು ತುಂಬಿತ್ತು. ಇಷ್ಟು ವರ್ಷದಲ್ಲಿ ತಮ್ಮಿಂದಾಗಿ ಆಕೆ ನಾಲ್ಕು ಜನರೆದುರು ಅತ್ತಿದ್ದು ಇದೇ ಮೊದಲು ಎಂಬುದು ಅವರಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು.

"ಸೋರೆಕಾಯಿ ನಾನೇ ಕಣೇ" ಎಂದರು. ಕಾಲರಿನ ಮೈಕು ಆ ಪಿಸುಮಾತನ್ನು ಅಂಗಳದವರೆಗೂ ಒಯ್ದಿತು. "ಆರನೇ ಮಹಡೀಲಿ ಇಳಿದು ನಾನು ತಾರಸಿಗೆ ಹೋಗ್ತೀನಿ. ಟ್ಯಾಂಕಿನ ಹಿಂದೆ ಕೂತು ಮೊಬೈಲಲ್ಲಿ ಪಾಠ ನೋಡ್ತೀನಿ. ಡೇಟಾ ಸೈನ್ಸ್ ಪಾಠ. ನನಗೆ... ನನಗೆ ಅದು ಬರಲ್ಲ. ಸಂಜೆ ಕಲ್ತು ಬೆಳಿಗ್ಗೆ ಹೇಳ್ಕೊಡ್ತೀನಿ. ಎರಡು ವರ್ಷದಿಂದ ಹೀಗೇ."

ಹೇಳಿ ಮುಗಿಸಿದಾಗ ಮೇಷ್ಟ್ರಿಗೆ ಬಟ್ಟೆ ಕಳಚಿ ನಿಂತಂತಾಯಿತು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ತಾವು ಕಲಿಸಿದ ಮಕ್ಕಳು ಎದುರಿಗೇ ಕೂತಿದ್ದರು. ಅವರ ಕಡೆ ನೋಡುವ ಧೈರ್ಯವೇ ಬರಲಿಲ್ಲ.

ಹಿಂದಿನ ಸಾಲಿನಿಂದ ವಿದ್ಯಾರ್ಥಿನಿಯೊಬ್ಬಳು ಎದ್ದಳು. ಗೇಲಿಯೇನಲ್ಲ, ಎಷ್ಟೋ ದಿನದಿಂದ ಕಾಡುತ್ತಿದ್ದ ಅನುಮಾನ ಬಗೆಹರಿದ ಸಂತೋಷ ಅವಳದು.

"ಅದಕ್ಕೇನಾ ಸರ್, ದಿನಾ ಕ್ಲಾಸ್ ಮುಗಿದಾಗ 'ಲೈಕ್ ಮಾಡಿ, ಶೇರ್ ಮಾಡಿ' ಅಂತಿದ್ರಿ? ನೋಟ್ಸ್ ಶೇರ್ ಮಾಡ್ಬೇಕೇನೋ ಅಂತ ನಾವೆಲ್ಲ ಜೆರಾಕ್ಸ್ ಮಾಡಿಸ್ತಿದ್ವಿ."

ಸಭಾಂಗಣದ ಸೂರು ಹಾರಿಹೋಗುವಂಥ ನಗು ಎದ್ದಿತು. ಕ್ಯಾಮೆರಾ ಹಿಡಿದ ಹುಡುಗರು ನಗುವಿನಲ್ಲಿ ನಡುಗಿ ಪರದೆಯ ಮೇಲೆ ಮೇಷ್ಟ್ರ ಮುಖ ಭೂಕಂಪಕ್ಕೆ ಸಿಕ್ಕಿತು. ನಗು ತಗ್ಗಿದ ಮೇಲೆ ದಪ್ಪ ಮೀಸೆಯ ತಂದೆಯೊಬ್ಬರು ಮಗನ ಭುಜ ಹಿಡಿದು ಎದ್ದರು.

"ಬಾರೋ, ಈ ಕಡೆ ಬೇಡ. ಮೇಷ್ಟ್ರೇ ವಿಡಿಯೊ ನೋಡಿ ಕಲೀತಾರೆ ಅಂದ್ಮೇಲೆ ವಿಡಿಯೊ ಮಾಡೋದನ್ನೇ ಕಲಿ. ಮೇಷ್ಟ್ರಿಗೂ ಮೇಷ್ಟ್ರಾಗ್ತೀಯ."

ಪಾಲಕರೆಲ್ಲ ಮಕ್ಕಳನ್ನು ಎಳೆದುಕೊಂಡು ಪ್ಲೈವುಡ್ ಗೋಡೆಯ ಆ ಕಡೆಗೆ ನಡೆದರು. ಅಲ್ಲಿ ಸಾಲು ಕಾರಿಡಾರು ದಾಟಿ ಮೆಟ್ಟಿಲಿಗಿಳಿಯಿತು. ಈ ಕಡೆ ಮೇಷ್ಟ್ರ ಮೇಜಿನ ಮುಂದೆ ಒಬ್ಬನೇ ಒಬ್ಬ ನಿಂತ. ಮೇಷ್ಟ್ರು ಆಸೆಯಿಂದ ತಲೆಯೆತ್ತಿದರು. ಅವನು ಶೌಚಾಲಯ ಎಲ್ಲಿದೆ ಎಂದು ಕೇಳಿ ಹೋದ.

"ಸಾರಿ ಸರ್" ಎಂದರು ಮೈಕು ಬಿಡಿಸಿಕೊಳ್ಳಲು ಬಂದ ಕ್ಯಾಮೆರಾ ಮೇಡಂ. ಆಕೆಗೆ ನಿಜವಾಗಿಯೂ ಬೇಜಾರಾಗಿತ್ತು, ಆದರೆ ನಗು ತಡೆಯಲು ಕಷ್ಟಪಡುತ್ತಿದ್ದರು. "ನಿಮ್ಮ ಮುಖ ಮಾತ್ರ ಕ್ಯಾಮೆರಾಗೆ ತುಂಬಾ ಚೆನ್ನಾಗಿ ಒಗ್ಗುತ್ತೆ."

ಡೀನ್ ಕೋಣೆಗೆ ಕರೆ ಬಂದಾಗ ಮೇಷ್ಟ್ರು ಬಲಿಗೆ ಹೊರಟ ಕುರಿಯಂತೆ ಹೋಗಿ ನಿಂತರು. ಡೀನ್ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದರು.

"ಮೇಷ್ಟ್ರೇ, ನಿಮ್ಮ ತಾರಸಿ ವಿಷಯ ನಾಚಿಕೆಗೇಡು."

"ಹೌದು ಸರ್."

"ಮಕ್ಕಳೆಲ್ಲ ಆ ಕಡೆ ಹೋದ್ರು."

"ಹೌದು ಸರ್."

"ಆದ್ರೆ," ಎಂದು ಡೀನ್ ತಿರುಗಿದರು, "ಒಂದು ಮಾತು ಒಪ್ಪಲೇಬೇಕು. ಮೂರು ಚಿತ್ರ ತೋರಿಸಿದ್ರಿ. ಮೂರಕ್ಕೂ ಜನ ತಾವಾಗೇ ಎದ್ದು ಹೌದು ಅಂದ್ರು. ಮೂರನೇದಕ್ಕಂತೂ ನೀವೇ ಅಂದ್ರಿ! ಇಷ್ಟು ಕರಾರುವಾಕ್ಕಾದ ಡೇಟಾ ನಾನು ಎಲ್ಲೂ ಕಂಡಿಲ್ಲ. ಇದನ್ನೇ ಮೇಲಿನವರ ಮುಂದಿಟ್ಟು ನಿಮ್ಮ ವಿಭಾಗಾನ ಇನ್ನೊಂದು ವರ್ಷ ಉಳಿಸ್ತೀನಿ. ಈ ಡೇಟಾ ತಮ್ಮದೇ ಅಂತ ಲಿಫ್ಟ್ ಕಂಪನಿಯವರ ಬಾಯಲ್ಲಿ ಒಂದು ಮಾತು ಹೇಳಿಸಿ, ಸಾಕು. ಆಮೇಲೆ ಫೋನ್ ಮಾಡ್ತೀನಿ."

ಮೇಷ್ಟ್ರು ಎರಡೆರಡು ಮೆಟ್ಟಿಲು ಹಾರಿ ಕೆಳಗಿಳಿದರು.

ಎಲ್ಲರೂ ಬಂದ ವ್ಯಾನಿನಲ್ಲೇ ಮನೆಗೆ ಹೊರಟರು. ಇನ್ನು ಮುಚ್ಚುಮರೆಯೇಕೆಂದು ಔಷಧಿ ಅಂಗಡಿಯವರ ಹೆಂಡತಿ, ವಕೀಲರ ಹೆಂಡತಿ ಒಂದೇ ಸೀಟಿನಲ್ಲಿ ಕೂತಿದ್ದರು. ಉಳಿದದ್ದು ಒಂದೇ ಸೀಟಾದ್ದರಿಂದ ಅವರ ಗಂಡಂದಿರು ಮೊಣಕೈಗೆ ಮೊಣಕೈ ತಾಗಿಸಿಕೊಂಡು ಕೂರಬೇಕಾಯಿತು. ಮೆಟ್ಟಿಲು ಮಾವ ವ್ಯಾನಿನ ಮೆಟ್ಟಿಲು ಹತ್ತುವಾಗ ಎಲ್ಲರೂ ಸುಮ್ಮನೆ ನೋಡಿದರು. ಮಾವನಿಗೆ ಅದೇ ಸಾಕಾಯಿತು.

ಹೆಂಡತಿ ಮೇಷ್ಟ್ರ ಪಕ್ಕದಲ್ಲೇ ಕೂತಿದ್ದರು. ಹಾಡಿನ ಟೀಚರ್ ಪಾತ್ರವಿಲ್ಲವೆಂದು ತಿಳಿದು ಕಣ್ಣೀರು ನಿಂತಿತ್ತು. ಆದರೆ ಮುಖ ಕಿಟಕಿಯ ಕಡೆಗಿತ್ತು.

"ಇಷ್ಟು ವಾಕಿಂಗ್ ಮಾಡಿದ್ರೂ ಹೊಟ್ಟೆ ಯಾಕೆ ಕರಗಿಲ್ಲ ಅಂತ ಡಾಕ್ಟ್ರನ್ನ ಕೇಳಿದ್ದೆ ರೀ ನಾನು" ಎಂದರು ಮೆಲ್ಲಗೆ. "ಥೈರಾಯ್ಡ್ ಇರಬಹುದು ಅಂದ್ರು ಪಾಪ."

"ತಪ್ಪಾಯ್ತು ಕಣೇ."

"ನನಗೆ ಹೇಳ್ಬಹುದಿತ್ತು. ನಿಮಗೆ ಬರಲ್ಲ ಅಂದ್ರೆ ನಾನೇನು ಬಿಟ್ಟು ಹೋಗ್ತಿದ್ನಾ?"

ಈ ಮಾತು ಬೈಗುಳಕ್ಕಿಂತ ಹೆಚ್ಚು ಉರಿಯಿತು. ಹೆಂಡತಿಯ ಎದುರು ಒಂದಿಷ್ಟಾದರೂ ಮಾನ ಉಳಿಸಿಕೊಳ್ಳಬೇಕೆಂದು ಮೇಷ್ಟ್ರು ಫೋನ್ ತೆಗೆದರು. "ವಿಭಾಗ ಉಳೀತು ಕಣೇ. ನನ್ನ ಡೇಟಾ ಅಷ್ಟು ಸರಿಯಾಗಿತ್ತಂತೆ, ಡೀನ್ ಬಾಯಲ್ಲೇ ಕೇಳಿದೆ. ಈಗ ಲಿಫ್ಟ್ ಕಂಪನಿಯವರೇ ಹೇಳ್ತಾರೆ, ಕೇಳು." ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದರು.

"ಸರ್! ನಾನೇ ನಿಮಗೆ ಫೋನ್ ಮಾಡೋಣ ಅಂತಿದ್ದೆ" ಎಂದಳು ಕಂಪನಿಯ ಹುಡುಗಿ. "ಬೆಳಿಗ್ಗೆ ಅವಸರದಲ್ಲಿ ಸ್ವಲ್ಪ ಎಡವಟ್ಟಾಯ್ತು ಸರ್. ನಿಮಗೆ ಬೇರೆ ಡೇಟಾ ಕಳಿಸ್ಬಿಟ್ಟಿದೀನಿ. ಅದು ನಿಮ್ಮ ಕಟ್ಟಡದ್ದಲ್ಲ. ಒಂದು ಆಸ್ಪತ್ರೆಯ ಸಾಮಾನು ಸಾಗಿಸೋ ಲಿಫ್ಟಿಂದು."

ವ್ಯಾನಿನಲ್ಲಿದ್ದವರೆಲ್ಲ ಫೋನಿನ ಕಡೆ ತಿರುಗಿದರು.

"ಸಾಮಾನಾ?" ಎಂದರು ಮೇಷ್ಟ್ರು. "ಅದರಲ್ಲಿ ಕಾರ್ಡುಗಳಿದ್ವಲ್ಲಮ್ಮ. ಮೂರರಿಂದ ಆರಕ್ಕೆ ದಿನಾ ಸಂಜೆ ಒಬ್ಬರು ಹೋಗ್ತಿದ್ರಲ್ಲ?"

"ಅದು ಊಟದ ಗಾಡಿ ಸರ್. ಗಾಡಿಗಳಿಗೇ ಕಾರ್ಡು ಅಂಟಿಸಿರ್ತಾರೆ. ಅಡುಗೆಮನೆ ಮೂರರಲ್ಲಿ, ವಾರ್ಡು ಆರರಲ್ಲಿ. ಬಡಿಸಿ ಮುಗಿಸಕ್ಕೆ ಒಂದು ಗಂಟೆ ಆಗುತ್ತೆ."

ಹಿಂದಿನ ಸೀಟಿನಿಂದ ಮೆಟ್ಟಿಲು ಮಾವ ಬಗ್ಗಿ ಬಂದರು. "ಒಂದರಿಂದ ಐದಕ್ಕೆ ಹೋಗೋದು?"

"ಒಗೆದ ಬಟ್ಟೆ ಗಾಡಿ."

"ಮಧ್ಯಾಹ್ನ ಕೆಳಗೆ ಹೋಗ್ತಿದ್ದ ಎರಡು?" ಇದು ವಕೀಲರ ಹೆಂಡತಿ.

"ಕಸದ ಗಾಡಿಗಳು ಮೇಡಂ. ಎರಡೂ ಒಟ್ಟಿಗೇ ಖಾಲಿ ಮಾಡ್ತಾರೆ."

ಇಬ್ಬರು ಹೆಂಗಸರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಿಕ್ಕಿಬಿದ್ದದ್ದಕ್ಕಿಂತ ಇದು ಹೆಚ್ಚು ಅವಮಾನವೆನ್ನಿಸಿತು. ಮೇಷ್ಟ್ರು ಫೋನನ್ನು ಬಾಯಿಗೆ ಇನ್ನಷ್ಟು ಹತ್ತಿರ ತಂದರು.

"ಹಾಗಾದ್ರೆ ನಮ್ಮ ಲಿಫ್ಟಿನ ಡೇಟಾ?"

"ಇಲ್ಲವೇ ಇಲ್ಲ ಸರ್. ನಿಮ್ಮ ಯಂತ್ರಕ್ಕೆ ಮೆಮೊರಿ ಹಾಕಿಸಿಲ್ಲ. ಕಾರ್ಡು ಮುಟ್ಟಿಸಿದ್ರೆ ಓಡುತ್ತೆ, ಆಮೇಲೆ ಮರೆತುಬಿಡುತ್ತೆ. ಹೋದ ವರ್ಷದಿಂದ ಏನೂ ದಾಖಲಾಗಿಲ್ಲ. ಬೇಕಾದ್ರೆ ನಾಳೇನೇ ಬಂದು ಹಾಕಿಕೊಡ್ತೀವಿ."

"ಬೇಡ!"

ಇಡೀ ವ್ಯಾನು ಒಂದೇ ಕಂಠದಲ್ಲಿ ಕೂಗಿತು. ವ್ಯಾನಿನ ಡ್ರೈವರು ಬೆಚ್ಚಿ ಬ್ರೇಕ್ ಒತ್ತಿದ. ಸಂಘ ಹುಟ್ಟಿದಂದಿನಿಂದ ಆ ಕಟ್ಟಡದವರು ಒಮ್ಮತದಿಂದ ತೆಗೆದುಕೊಂಡ ಮೊದಲ ನಿರ್ಣಯ ಅದು.

ಫೋನ್ ಕಟ್ಟಾದ ಮೇಲೆ ಮೆಟ್ಟಿಲು ಮಾವ ತಲೆ ಚಚ್ಚಿಕೊಂಡರು. "ಅಲ್ರೀ, ಬಟ್ಟೆ ಗಾಡಿ ಓಡಾಡಿದ್ದಕ್ಕೆ ನಾನ್ಯಾಕ್ರೀ ಎದ್ದು ನಿಂತೆ?"

ಪ್ರತಿಯೊಬ್ಬರೂ ಅದೇ ಪ್ರಶ್ನೆಯನ್ನು ತಮಗೆ ತಾವೇ ಕೇಳಿಕೊಳ್ಳುತ್ತಿದ್ದರು. ಮೇಷ್ಟ್ರಿಗೆ ಮಾತ್ರ ಒಂದು ಎಳೆ ಸಮಾಧಾನ ಕಂಡಿತು.

"ಹಾಗಾದ್ರೆ ವಕೀಲರೇ, ನಾನು ಯಾರ ಗುಟ್ಟನ್ನೂ ಬಯಲಿಗೆ ಹಾಕಿಲ್ಲ ಅಂತಾಯ್ತಲ್ಲ? ಕೇಸು..."

"ಹಾಕಿಲ್ಲ, ಸರಿ. ಆದ್ರೆ ನಮ್ಮ ಮನೆ ಹೆಂಗಸರನ್ನ ಕಸದ ಗಾಡಿ ಮಾಡಿದ್ರಿ" ಎಂದರು ವಕೀಲರು. "ಇದು ಮಾನನಷ್ಟ. ಮೊದಲಿನ ಕೇಸಿಗಿಂತ ಗಟ್ಟಿ." ಪಕ್ಕದಲ್ಲಿದ್ದ ಔಷಧಿ ಅಂಗಡಿಯವರು ತಲೆಯಾಡಿಸಿ, "ನಾನು ಸಾಕ್ಷಿ ಹೇಳ್ತೀನಿ" ಎಂದರು. ವರ್ಷದ ಮೇಲೆ ಅವರಿಬ್ಬರು ಆಡಿದ ಮೊದಲ ಮಾತು ಅದು.

ಫೋನು ಮತ್ತೆ ಹೊಡೆದುಕೊಂಡಿತು. ಡೀನ್. ಮೇಷ್ಟ್ರು ಹೆಂಡತಿಯ ಕಡೆ ನೋಡಿದರು. ಆಕೆ ಈ ಸಲ ಕಿಟಕಿಯ ಕಡೆ ತಿರುಗಲಿಲ್ಲ, ಗಂಡನ ಮುಖವನ್ನೇ ನೋಡುತ್ತಿದ್ದರು. ಒಂದು ಸುಳ್ಳು ಹೇಳಿದರೆ ಒಂದು ವರ್ಷ ಸಿಗುತ್ತಿತ್ತು. ಆ ಕಣ್ಣಿನೆದುರು ಇನ್ನೊಂದು ಸುಳ್ಳು ಮೇಷ್ಟ್ರ ಗಂಟಲಿನಿಂದ ಮೇಲೆ ಬರಲಿಲ್ಲ.

"ಏನ್ ಮೇಷ್ಟ್ರೇ, ಕಂಪನಿಯವರು ಏನಂದ್ರು?"

"ಸರ್, ಡೇಟಾ ನಮ್ಮ ಕಟ್ಟಡದ್ದಲ್ಲ ಸರ್. ಎಲ್ಲಿಂದ ಬಂತು ಅಂತ ನಾನು ನೋಡ್ಲೇ ಇಲ್ಲ. ಅವು ಮನುಷ್ಯರೂ ಅಲ್ಲ, ಆಸ್ಪತ್ರೆಯ ಗಾಡಿಗಳು."

ಡೀನ್ ಒಂದೊಂದೇ ಪದ ತೂಗಿ ಕೇಳಿದರು.

"ಹಾಗಾದ್ರೆ ನೀವು ಎಲ್ಲರ ಮುಂದೆ ನಿಂತು ಒಪ್ಕೊಂಡ್ರಲ್ಲ, ಪಾಠ ಬರಲ್ಲ, ವಿಡಿಯೊ ನೋಡಿ ಕಲಿಸ್ತೀನಿ ಅಂತ. ಅದೂ ಸುಳ್ಳೇನ್ರೀ?"

"ಇಲ್ಲ ಸರ್," ಎಂದರು ಮೇಷ್ಟ್ರು. "ಇವತ್ತಿನ ಭಾಷಣದಲ್ಲಿ ಅದೊಂದೇ ನಿಜ."